ಖಂಡೇನವಮಿಯ ಹಾರ

ತನ್ನನ್ನು ಲೇಥ್ ಮಷೀನಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿಸಿದವನು ಸುಜನ್ ಎಂದು ತಿಳಿದ ದಿನ ನಾಗವೇಣಿ ಅವನೊಡನೆ ಮಾತು ಬಿಟ್ಟಳು.

ಮಾತು ಮೊದಲೂ ಬಹಳ ಇರಲಿಲ್ಲ. ಮಹಾಪೆಯ ಆ ವರ್ಕ್‌ಶಾಪಿನಲ್ಲಿ ಅವನು ಲೇಥ್ ಆಪರೇಟರ್. ಅವಳು ಲಿಂಗಸುಗೂರು ಕಡೆಯ ಹಳ್ಳಿಯಿಂದ ಐಟಿಐ ಮುಗಿಸಿ ಬಂದು ಅದೇ ಲೇಥಿನಲ್ಲಿ ಕಲಿಯುತ್ತಿದ್ದ ಅಪ್ರೆಂಟಿಸ್. ಅಲ್ಲೇ ಹತ್ತಿರದ ಡೊಂಬಿವ್ಲಿಯಲ್ಲಿ ಹುಟ್ಟಿದ ಸುಜನ್, ಅಪ್ಪನ ಉಡುಪಿ ಹೋಟೆಲಿನ ಗಲ್ಲಾ ಬೇಡವೆಂದು ಕಬ್ಬಿಣಕ್ಕೆ ಬಂದವನು. ಮಷೀನುಗಳ ಸದ್ದಿನಲ್ಲಿ ಇಬ್ಬರಿಗೂ ಕಣ್ಣೇ ಭಾಷೆ. ಅವಳ ಕೆಲಸ ಹಿಡಿಸಿದರೆ ಅವನ ಎಡಹುಬ್ಬು ತುಸು ಮೇಲೇರುತ್ತಿತ್ತು. ಆ ಹುಬ್ಬಿಗಾಗಿಯೇ ಅವಳು ನಯವಾಗಿದ್ದ ಪೀಸನ್ನು ಇನ್ನಷ್ಟು ನಯ ಮಾಡಿದ್ದುಂಟು.

ಒಂದು ದಿನ ಕಾದ ಲೋಹದ ಸುರುಳಿ ಸಿಡಿದು ಅವಳ ಮುಂಗೈ ಸುಟ್ಟಿತು. ನೀರು ಹಾಕಿಕೊಂಡು ಅವಳು ಮತ್ತೆ ಕೆಲಸಕ್ಕೆ ನಿಂತಳು. ಬಿಳಿಚಿಕೊಂಡದ್ದು ಸುಜನ್. ಅವನು ಫೋರ್‌ಮನ್ ಸರ್ವೋತ್ತಮರ ಬಳಿ ಹೋಗಿ ಏನೋ ಹೇಳಿದ. ಮರುದಿನ ಅವಳ ಕೈಗೆ ಟೇಪು, ರಟ್ಟಿನ ಡಬ್ಬ ಬಂದವು.

ಡಬ್ಬಕ್ಕೆ ಟೇಪು ಹಚ್ಚುತ್ತ ಕುಳಿತವಳು ಲೇಥಿನ ಮೇಲೆ ನಡೆಯುವ ಟ್ರೇಡ್ ಪರೀಕ್ಷೆ ಪಾಸಾಗುವುದಾದರೂ ಹೇಗೆ? ಅವಳ ಐಟಿಐಯಿಂದ ಇಲ್ಲಿಗೆ ಬಂದ ಮೊದಲ ಹುಡುಗಿ ಅವಳು. ಇವಳು ಹೇಗೆ ಮಾಡುತ್ತಾಳೋ ನೋಡಿ ಉಳಿದವರನ್ನು ಕರೆಯೋಣ ಎಂದಿದ್ದರು ಕಂಪನಿಯವರು. ಊರಿನಲ್ಲಿ ತಂಗಿ ವಿನೋದಾ ಅದೇ ಟ್ರೇಡಿಗೆ ಸೇರಿ ಕಾಯುತ್ತಿದ್ದಳು.

ಅಷ್ಟರಲ್ಲಿ ಆಯುಧಪೂಜೆಯ ಖಂಡೇನವಮಿ ಬಂತು. ಆ ದಿನ ಯಾವ ಮಷೀನಿಗೆ ಯಾರು ಹಾರ ಹಾಕುತ್ತಾರೋ, ಮುಂದಿನ ದಸರಾದವರೆಗೆ ಅದು ಅವರದು. ಆ ವರ್ಕ್‌ಶಾಪಿನ ಈ ರೂಢಿಯನ್ನು ಯಾರೂ ಮೀರಿದವರಿಲ್ಲ. ಸರ್ವೋತ್ತಮ ಒಬ್ಬೊಬ್ಬರನ್ನೇ ಕರೆದು ಚೆಂಡುಹೂವಿನ ಹಾರ ಕೊಟ್ಟರು. ನಾಗವೇಣಿಯ ಪಾಲಿಗೆ ಬಂದದ್ದು ಟೇಪು ಕತ್ತರಿಸುವ ಕತ್ತರಿ, ಅದಕ್ಕೊಂದು ಗಿಡ್ಡ ಹಾರ.

ಕತ್ತರಿಯನ್ನು ಅಲ್ಲೇ ಬಿಟ್ಟು, ಹಾರ ಹಿಡಿದು ಅವಳು ನೇರ ಲೇಥಿನ ಬಳಿ ನಡೆದಳು. ಸುಜನ್ ತನ್ನ ಹಾರ ಹಿಡಿದು ಅಲ್ಲಿಯೇ ನಿಂತಿದ್ದ.

“ಈ ಕಡೆ ಸರೀರಿ,” ಎಂದಳು.

“ಅದು ಸುಜನ್‌ದು ಮಾರಾಯ್ತಿ,” ಎಂದರು ಸರ್ವೋತ್ತಮ. “ನಿನ್ನ ಒಳ್ಳೇದಕ್ಕೇ ಅವ ಹೇಳಿದ್ದು.”

“ನನ್ನ ಒಳ್ಳೇದು ನನ್ನ ಕೇಳಿ ಮಾಡ್ರಿ ಸರ್. ಸುಟ್ಟಿದ್ದು ನನ್ನ ಕೈ, ನಾ ಅಂಜಲಿಲ್ಲ. ಇವ್ರು ಯಾಕ ಅಂಜಿದ್ರು, ಕೇಳ್ರಿ.”

ಮಷೀನುಗಳೆಲ್ಲ ಬಂದ್ ಇದ್ದವು. ಇಂಥ ನಿಶ್ಶಬ್ದದಲ್ಲಿ ಅವರಿಬ್ಬರೂ ಎಂದೂ ಎದುರುಬದುರು ನಿಂತಿರಲಿಲ್ಲ. ಅವನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರುವುದನ್ನು ಅವಳು ನೋಡಿದಳು. ಅಷ್ಟು ಸಿಟ್ಟಿನಲ್ಲೂ ಅದು ಅವಳಿಗೆ ಚೆಂದ ಕಂಡಿತು. ಅದಕ್ಕೆ ಇನ್ನೂ ಸಿಟ್ಟು ಬಂತು.

“ಪ್ರೀತಿ ಉಂಟು, ಅದಕ್ಕೆ,” ಎಂದ ಸುಜನ್. ದನಿ ಸಣ್ಣದು, ಆದರೂ ಕೊನೆಯ ಮಷೀನಿನ ತನಕ ಕೇಳಿತು. “ಹೆದರಿದ್ದು ನಾನು, ಶಿಕ್ಷೆ ನಿಮಗಾಯ್ತು. ತಪ್ಪು ನನ್ನದೇ.”

“ಪ್ರೀತಿ ಇದ್ರ ಇರ್ಲಿ. ಅದಕ್ಕಂತ ನಾ ಮೂಲ್ಯಾಗ ಕುಂದ್ರಂಗಿಲ್ಲ.”

ಅವನು ಪಕ್ಕಕ್ಕೆ ಸರಿದ. ಅವಳು ಲೇಥಿಗೆ ಹಾರ ಹಾಕಿದಳು.

ಪ್ಯಾಕಿಂಗಿಗೆ ಜನ ಎಲ್ಲಿಂದ ತರಲಿ ಎಂದು ಸರ್ವೋತ್ತಮ ಗೊಣಗಿದರು. ನಾಗವೇಣಿಯವರ ಪರೀಕ್ಷೆ ಮುಗಿಯುವ ತನಕ ನಾನು ಕೂರುತ್ತೇನೆ ಎಂದ ಸುಜನ್. ಹೋಟೆಲಿನವರ ಮಗನಿಗೆ ಪಾರ್ಸೆಲ್ ಕಟ್ಟಲು ಹೇಳಿಕೊಡಬೇಕೇ ಎಂದು ಯಾರೋ ನಕ್ಕರು. ಅವನೂ ನಕ್ಕ.

ದಸರಾ ರಜೆ ಮುಗಿದ ಬೆಳಿಗ್ಗೆ, ಮಷೀನು ಚಾಲೂ ಆಗುವ ಮೊದಲು, ಅವನು ಅವಳ ಪಕ್ಕ ಬಂದು ನಿಂತ. ಏನು ಬೇಕೆಂದು ಅವಳು ಕೇಳಿದಳು.

“ನಾನು ಹೇಳಿದ್ದಕ್ಕೆ ನೀವೇನೂ ಹೇಳಲಿಲ್ಲ.”

ಅವಳು ತಲೆಯೆತ್ತಿ ಅವನನ್ನು ಪೂರ್ತಿ ನೋಡಿದಳು, ಅವನೇ ಕಣ್ಣು ತಗ್ಗಿಸುವಷ್ಟು ಹೊತ್ತು.

“ಹೂಂರೀ,” ಎಂದಳು. “ಆದ್ರ ಕೆಲ್ಸದ ಹೊತ್ತಿನ್ಯಾಗ ಕೇಳಬ್ಯಾಡ್ರಿ. ಹೋಗಿ ಡಬ್ಬಿ ಕಟ್ರಿ.”

ಅವನು ಹೋದ. ಅವಳು ಮಷೀನು ಚಾಲೂ ಮಾಡಿದಳು.