ಚಂದ್ರಮೋಹನನ ಸಕ್ಕರೆ, ನನ್ನ ಮುದ್ದೆ

ಚಂದ್ರಮೋಹನ್ ಮೊದಲ ಸಲ ನನ್ನ ಕೈ ಹಿಡಿದಾಗ ನಾನು ಅವನಿಗೆ ಚೆನ್ನಾಗಿ ಬೈದೆ.

ಸುಗಟೂರಿನ ಹಾಲಿನ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವಳು ನಾನು. ಅವನು ಕ್ಯಾನ್ ಕೊಡುವಾಗ ಹಿಡಿಕೆಯ ಜೊತೆ ನನ್ನ ಬೆರಳೂ ಅವನ ಮುಷ್ಟಿಯಲ್ಲಿ ಸಿಕ್ಕಿಕೊಂಡಿತು. ಎಳೆದೆ. ಬಿಡಲಿಲ್ಲ. ಸಾಲಲ್ಲಿ ನಿಂತ ಹೆಂಗಸರೆಲ್ಲ ನೋಡುತ್ತಿದ್ದಾರೆ!

“ಬಿಡ್ರೀ ಕೈ! ಮಾನ ಮರ್ಯಾದೆ ಇಲ್ವಾ?”

“ನಾನು ಬಿಡ್ತಿದೀನಿ ಕಣ್ರೀ, ಈ ಕೈಯೇ ಬಿಡ್ತಿಲ್ಲ,” ಅಂದ. ಬೆರಳುಗಳು ಒಂದೊಂದಾಗಿ, ನಿಧಾನವಾಗಿ ಬಿಚ್ಚಿಕೊಂಡವು.

ನೆಪ ಚೆನ್ನಾಗಿದೆ ಅಂದುಕೊಂಡೆ. ಆದರೆ ಆ ಕಣ್ಣಲ್ಲಿ ತುಂಟತನ ಇರಲಿಲ್ಲ, ಭಯ ಇತ್ತು. ಮಾರನೇ ದಿನ ಕ್ಯಾನನ್ನು ನೆಲದ ಮೇಲಿಟ್ಟು ದೂರ ಹೋಗಿ ನಿಂತ. ನನಗೇ ಬೇಜಾರಾಯಿತು.

“ಅಷ್ಟೊಂದು ಹೆದರ್ಕೊಂಡ್ರಾ?”

“ನಿಮ್ಮ ಬಾಯಿಗೆ ಹೆದರದವರು ಈ ಊರಲ್ಲಿ ಯಾರಿದಾರೆ?” ಅಂತ ಓರೆಗಣ್ಣಲ್ಲಿ ನಕ್ಕ.

ಹೀಗೆ ಶುರುವಾಯಿತು. ಬಹುವಚನ ಹೋಗಿ ಏಕವಚನ ಯಾವಾಗ ಬಂತೋ ಗೊತ್ತಾಗಲಿಲ್ಲ.

ಕೈ ಬಿಗಿಯುವುದು, ಕಾಲು ಸೋಲುವುದು ಅವನ ಅಪ್ಪನಿಗೂ ಇತ್ತಂತೆ. ವಂಶದಲ್ಲಿ ಬಂದ ಸ್ನಾಯುಗಳ ಕಾಯಿಲೆ ಅಂತ ಬೆಂಗಳೂರಿನ ಡಾಕ್ಟರ್ ಹೇಳಿದ್ದರು. ಆಮೇಲೆ ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು. ಸಕ್ಕರೆ ಅಂದಕೂಡಲೇ ನನಗೆ ಧೈರ್ಯ ಬಂತು. ಅದಕ್ಕೆ ಮದ್ದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅನ್ನ ಬಿಡಿಸಿ ರಾಗಿಮುದ್ದೆ ಹಾಕಬೇಕು, ಅಷ್ಟೇ. ಶಕ್ತಿಯೂ ಬರುತ್ತೆ, ಸಕ್ಕರೆಯೂ ಇಳಿಯುತ್ತೆ. ಅವನ ತಾಯಿ ಶಾಮಲಮ್ಮ ಮನೆಯಲ್ಲಿ ಬಡಿಸಿದ್ದು ಸಾಲದು ಅಂತ ನಾನೂ ಡಬ್ಬಿಯಲ್ಲಿ ದೊಡ್ಡ ಮುದ್ದೆ, ಅವರೆಕಾಳು ಸಾರು ತರುತ್ತಿದ್ದೆ.

“ಸಾಕು ಕಣೇ ಗಂಗಾ.”

“ಸುಮ್ನೆ ತಿನ್ನೋ. ಮುದ್ದೆಯಲ್ಲೇನು ಸಕ್ಕರೆ ಇರುತ್ತಾ?”

ನನ್ನ ಮುಖ ನೋಡುತ್ತಾ ನುಂಗುತ್ತಿದ್ದ. ಆ ನೋಟಕ್ಕೆ ಸೋತು ನಾನು ಇನ್ನೊಂದು ತುಂಡು ಹಾಕುತ್ತಿದ್ದೆ.

ಮೊನ್ನೆ ಕೋಲಾರದಲ್ಲಿ ಡಾಕ್ಟರ್ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ಸಕ್ಕರೆ ಮೊದಲಿಗಿಂತ ಏರಿತ್ತು. ಏನು ತಿಂತೀರಿ ಅಂತ ಕೇಳಿದರು. ಅವನು ನನ್ನ ಹೆಸರು ಎತ್ತಲಿಲ್ಲ. ನಾನೇ ಹೇಳಿದೆ.

“ರಾಗಿನೂ ಹಿಟ್ಟೇ ಅಲ್ವೇನಮ್ಮಾ, ಅಷ್ಟು ತಿಂದ್ರೆ ಏರದೆ ಇರುತ್ತಾ?”

ಗದರಲಿಲ್ಲ ಅವರು. ಗದರಿದ್ದರೆ ಚೆನ್ನಾಗಿರುತ್ತಿತ್ತು. ಈ ಸ್ನಾಯುಗಳ ಕಾಯಿಲೆ ಇದ್ದವರ ಮೈಯಲ್ಲಿ ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ, ಹಗಲಲ್ಲೇ ನಿದ್ದೆ ಎಳೆಯುತ್ತಂತೆ, ಗಂಡಸರ ಹಾರ್ಮೋನೂ ಕಮ್ಮಿಯಾಗುತ್ತಂತೆ. ಸಕ್ಕರೆಯನ್ನು ಮಾತ್ರೆ, ಪಥ್ಯದಲ್ಲಿ ಹಿಡಿದಿಡಬಹುದು, ಮೂಲ ಕಾಯಿಲೆ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನ ಕಡೆ ನೋಡದೆ ಹೇಳಿದ. “ಮಕ್ಕಳಾಗೋದು ಕಷ್ಟ ಗಂಗಾ. ಹುಟ್ಟಿದ್ರೂ ಆ ಮಗುಗೂ ಈ ಕಾಯಿಲೆನೇ ಬರಬಹುದು. ಅಪ್ಪನ್ನ ಎತ್ತಿ ಕೂರಿಸಿ ಅಮ್ಮನ ಸೊಂಟ ಹೋಗಿದ್ದು ನೋಡಿದೀನಿ. ಮಾಸ್ತಿ ಊರಿನ ಗಂಡಿನ ಕಡೆಯವರು ಭಾನುವಾರ ನಿನ್ನ ನೋಡೋಕೆ ಬರ್ತಾರಲ್ಲ, ಒಪ್ಕೊಂಡ್ಬಿಡು.”

“ನೀನು ಹೇಳಿದ ಕಡೆ ಹೋಗೋಕೆ ನಾನೇನು ನಿಮ್ಮನೆ ಹಸುವಾ?”

ಅವನು ನಕ್ಕ. ನನಗೆ ಅಳು ಬಂತು.

ಬಸ್ಸಿನಲ್ಲಿ ಕೂತಕೂಡಲೇ ಅವನಿಗೆ ನಿದ್ದೆ. ತಲೆ ನನ್ನ ಭುಜಕ್ಕೆ ವಾಲಿತು. ಕೆನ್ನೆ ಬತ್ತಿದೆ, ರೆಪ್ಪೆ ಮಾತ್ರ ಹೆಣ್ಣುಮಕ್ಕಳ ಹಾಗೆ ಉದ್ದ. ನನಗೆ ಬರುವುದು ಬೈಯುವುದೊಂದೇ. ಈಗ ಯಾರಿಗೆ ಬೈಯಲಿ? ತೀರಿಕೊಂಡ ಅವನ ಅಪ್ಪನಿಗಾ? ಅವನಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಕೂಡ ಕೈಕೊಟ್ಟಿತ್ತು. ಪ್ರೀತಿ ಹೊಟ್ಟೆ ತುಂಬ ಇತ್ತು, ಮಾಡಲು ಏನೂ ಇರಲಿಲ್ಲ.

“ನಂಗೆ ಮಗು ಬೇಕು ಕಣೋ,” ಅಂದೆ, ಅವನ ಕೂದಲಿಗಷ್ಟೇ ಕೇಳುವ ಹಾಗೆ. “ಬೇಡ ಅಂತ ಸುಳ್ಳು ಹೇಳಕ್ಕಾಗಲ್ಲ. ನೀನೂ ಬೇಕು. ಮಾಸ್ತಿಯವರಿಗೆ ಬರಬೇಡಿ ಅಂತ ಬೆಳಗ್ಗೆನೇ ಹೇಳಿ ಕಳ್ಸಿದೀನಿ. ಮುಂದೇನೋ ನಂಗೊತ್ತಿಲ್ಲ.”

ಅವನು ಕಣ್ಣು ತೆರೆಯಲಿಲ್ಲ. “ಎರಡೂ ಕೇಳಿಸ್ತು ಗಂಗಾ.”

“ಮಲಗಿದ್ದೆ ಅಲ್ವಾ?”

“ಮಲಗಿದ್ದೆ. ಮಗು ಅಂದಾಗ ಎಚ್ಚರ ಆಯ್ತು.”

ಮುಚ್ಚಿದ ಆ ರೆಪ್ಪೆಗಳ ಕೆಳಗಿಂದ ನೀರು ಇಳಿಯಿತು. ಒರೆಸಿದೆ. ಸುಗಟೂರು, ಸುಗಟೂರು ಅಂತ ಕಂಡಕ್ಟರ್ ಕೂಗಿದ. ನಾವಿಬ್ಬರೂ ಏಳಲಿಲ್ಲ.