ತಾವರೆ ತಳದ ಬೆಳ್ಳಿ ಬಟ್ಟಲು

"ಅಣ್ಣನ್ನ ಬಿಡೋ!"

ಅವಳು ಕಿರುಚಿದಳು. ಅವರ ಬೆಳ್ಳಿ ಕೆಲಸದ ಅಂಗಡಿಗೆ ನುಗ್ಗಿದ ಅಪರಿಚಿತ ಅಣ್ಣನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಕುಲುಮೆಯ ಪಕ್ಕದ ಇಕ್ಕಳ ಎತ್ತಿ ಬೀಸಿಯೇ ಬಿಟ್ಟಳು. ಅಪರಿಚಿತನ ಹುಬ್ಬು ಒಡೆದು ರಕ್ತ ಚಿಮ್ಮಿತು!

ಅವನು ಅಣ್ಣನನ್ನು ಬಿಟ್ಟ, ಆದರೆ ತಿರುಗಿ ಹೊಡೆಯಲಿಲ್ಲ. ಅವಳ ಮೇಜಿನತ್ತ ಬೆರಳು ತೋರಿಸಿದ.

"ಆ ಬಟ್ಟಲು ನಮ್ಮನೇದು. ಕಳ್ಳರು ನಮ್ಮಜ್ಜಿ ತಲೆ ಒಡೆದು ಕದ್ಕೊಂಡು ಹೋದ್ರು. ಇನ್ನೂ ಕಣ್ಣು ಬಿಟ್ಟಿಲ್ಲ ಅಜ್ಜಿ... ನೀನೂ ಕಳ್ಳರ ಜೊತೆಗಾರ್ತಿನಾ?"

ಅವಳು ಬಟ್ಟಲಿನತ್ತ ತಿರುಗಿದಳು. ಅಜ್ಜನ ಕಾಲಕ್ಕಿಂತ ಹಳೆಯ ಬಟ್ಟಲು. ಅಂಚಿನ ಸುತ್ತ ಗಸಗಸೆ ಹೂಬಳ್ಳಿ, ತಳದಲ್ಲಿ ಅರಳಿದ ತಾವರೆ. ಎಸಳೆಸಳಿನ ಕಪ್ಪು ತೆಗೆದು ಹೊಳಪು ಕೊಟ್ಟವಳು ಅವಳೇ.

'ಯಾರೋ ತಾವಾಗೇ ಬಂದು ಮಾರಿದ್ದು ಅಂದಿದ್ದನಲ್ಲ ಅಣ್ಣ!'

"ಬಟ್ಟಲೇ ಇಲ್ದಿದ್ರೆ ಸಾಕ್ಷಿ ಎಲ್ಲಿಂದ ತರ್ತೀಯೋ?" ಎಂದ ಅಣ್ಣ ಅದನ್ನು ಕಸಿದು ಕೆಂಡಕ್ಕೆ ಎಸೆದ.

ಅವಳು ಯೋಚಿಸಲಿಲ್ಲ. ಬಲಗೈಯನ್ನೇ ಬೆಂಕಿಗೆ ಹಾಕಿ ಬಟ್ಟಲನ್ನು ಹೊರಗೆಳೆದಳು. ಅಂಗೈಯ ಚರ್ಮ ಸುಲಿದು ಬಂತು.

"ಮನೆಮುರುಕಿ!"

ಅಣ್ಣ ಸುತ್ತಿಗೆ ಎತ್ತಿದ. ಅಪರಿಚಿತ ಅಡ್ಡ ಬಂದ. ಅವಳ ತಲೆಗೆ ಬೀಳಬೇಕಿದ್ದ ಏಟು ಅವನ ಎಡ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು! ಆದರೂ ಒಂದೇ ಕೈಯಲ್ಲಿ ಅಣ್ಣನನ್ನು ನೆಲಕ್ಕೆ ಕೆಡವಿ, ಜನ ಬರುವವರೆಗೂ ಅವನು ಹಿಡಿತ ಬಿಡಲಿಲ್ಲ.

ಪೊಲೀಸರ ಮುಂದೆ ಅವಳು ಅಣ್ಣನ ಪರ ಒಂದು ಸುಳ್ಳನ್ನೂ ಹೇಳಲಿಲ್ಲ. ಅವರು ಅಣ್ಣನನ್ನು ಕರೆದೊಯ್ದ ಮೇಲೆ ರಾತ್ರಿಯಿಡೀ ಅತ್ತಳು ಮಾತ್ರ.

ಅಪರಿಚಿತನ ಅಜ್ಜಿ ಕೆಲ ದಿನಗಳಲ್ಲಿ ಕಣ್ಣು ಬಿಟ್ಟರು, ಆಸ್ಪತ್ರೆಯಿಂದ ಮನೆಗೂ ಬಂದರು. ಅವನೊಬ್ಬ ಬಡಗಿ; ಭುಜ ಹಾಳಾದ ಮೇಲೆ ಕೆಲಸ ನಿಂತಿತ್ತು. ಅದು ತಿಳಿದಂದಿನಿಂದ ಅವನ ನೆರಳು ಕಂಡರೂ ಅವಳು ಬೇರೆ ಬೀದಿ ಹಿಡಿಯುತ್ತಿದ್ದಳು.

ಕೊನೆಗೆ ಅವನೇ ಅಂಗಡಿ ಬಾಗಿಲಲ್ಲಿ ನಿಂತ.

"ಯಾಕೆ ತಪ್ಪಿಸ್ಕೊಂಡು ಓಡಾಡ್ತೀಯ?"

"ಯಾವ ಮುಖ ಹೊತ್ಕೊಂಡು ಎದುರಿಗೆ ಬರಲಿ? ನಮ್ಮಣ್ಣನಿಂದ ನಿಮ್ಮ ಕೆಲಸಾನೇ..."

"ಕಳ್ಳರ ಜೊತೆಗಾರ್ತಿ ಅಂದೆನಲ್ಲ ನಿನ್ನ, ಅದಕ್ಕೇ ನನಗೆ ನಿದ್ದೆ ಬರ್ತಿಲ್ಲ." ಅವನು ಒಂದು ಹೆಜ್ಜೆ ಒಳಗಿಟ್ಟ. "ನೋಡು... ನಿನ್ನ ಎಡಗೈ ನೆಟ್ಟಗಿದೆ, ನನ್ನ ಬಲಗೈ ನೆಟ್ಟಗಿದೆ. ಸೇರಿಸಿದ್ರೆ ಒಂದು ಸಂಸಾರಕ್ಕೆ ಸಾಕಲ್ವಾ?"

ಅವಳಿಗೆ ಅಳು, ನಗು ಒಟ್ಟಿಗೇ ಉಕ್ಕಿದವು.

"ಮೊದಲು ಅಜ್ಜಿನ ಕೇಳಿ..."

"ಅಜ್ಜಿನೇ ಕಳಿಸಿದ್ದು ಕಣೇ!"