ನೆಂಟರ ಖಾನೆ

ಖಾನೆ ಬರಿದಾಗಿತ್ತು. ಬೀಗ ಮುರಿದಿರಲಿಲ್ಲ.

ಪ್ರಾಚೀನ ಭಾಷೆಗಳ ವಿಭಾಗದಲ್ಲಿ ಸೋಮವಾರ ಬೆಳಿಗ್ಗೆಯೇ ಗದ್ದಲ. ತೀರಿಕೊಂಡ ಹಿರಿಯ ಮೇಷ್ಟ್ರು ಮೂವತ್ತು ವರ್ಷ ಕೂತು ಬರೆದ ಚೀಟಿಗಳ ಕಪಾಟು ಅದು. ಹಳೆಯ ಭಾಷೆಗಳಲ್ಲಿ ತಂದೆ, ತಾಯಿ, ಅತ್ತಿಗೆ, ಅಳಿಯ ಎನ್ನುವ ಮಾತುಗಳೆಲ್ಲ ಒಂದೇ ಖಾನೆಯಲ್ಲಿದ್ದವು. ಪ್ರತಿ ಚೀಟಿಯ ತಲೆಯಲ್ಲಿ ಹಳೆಯ ಮಾತು ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಕನ್ನಡದ ಅರ್ಥ.

ಕೀಲಿ ಇದ್ದದ್ದು ಮೂವರ ಹತ್ತಿರ: ಸಂಸ್ಕೃತದ ಮೇಷ್ಟ್ರು, ಗ್ರೀಕ್ ಮೇಷ್ಟ್ರು, ಸಂಶೋಧನೆಯ ಹುಡುಗಿ. ಹತ್ತೇ ನಿಮಿಷದಲ್ಲಿ ಚೀಟಿಗಳು ಹುಡುಗಿಯ ಚೀಲದಲ್ಲಿ ಸಿಕ್ಕವು.

“ಉಂಡ ಮನೆ ಜಂತೆ ಎಣಿಸೋಳು!” ಎಂದರು ಗ್ರೀಕ್ ಮೇಷ್ಟ್ರು.

“ನಾನಲ್ಲ ಸರ್...”

“ಗುರುವಾರದ ನಿನ್ನ ಪ್ರಬಂಧದ ಪರೀಕ್ಷೆ ರದ್ದು,” ಎಂದರು ವಿಭಾಗದ ಮುಖ್ಯಸ್ಥರು. “ಸಂಜೆಯೊಳಗೆ ಜಾಗ ಖಾಲಿ ಮಾಡು.”

ಮೂಲೆಯಲ್ಲಿ ರಟ್ಟಿಗೆ ಅಂಟು ಹಚ್ಚುತ್ತಿದ್ದ ಪುಸ್ತಕ ಕಟ್ಟುವವಳು ತಲೆ ಎತ್ತಲಿಲ್ಲ. ಅವಳೆದುರು ಇವರು ಏನು ಬೇಕಾದರೂ ಮಾತಾಡುತ್ತಿದ್ದರು. ಕುರ್ಚಿಯೆದುರು ಯಾರಾದರೂ ಗುಟ್ಟು ಮಾಡುತ್ತಾರೆಯೇ?

“ಏಯ್, ಇವನ್ನ ಕಟ್ಟಿಡು,” ಎಂದು ಮುಖ್ಯಸ್ಥರು ಚೀಟಿಗಳನ್ನು ಅವಳತ್ತ ತಳ್ಳಿದರು.

“ಓದ್ತಾ ಕೂತಾಳು ಮತ್ತೆ!” ಗ್ರೀಕ್ ಮೇಷ್ಟ್ರು ನಕ್ಕರು.

* * *

ಪುಸ್ತಕ ಕಟ್ಟುವವಳಿಗೆ ಮೊದಲು ಅನುಮಾನ ಬಂದದ್ದು ಸಂಸ್ಕೃತದ ಮೇಷ್ಟ್ರ ಮೇಲೆ. ಹೋದ ವಾರವಷ್ಟೇ ಅವರು ಹುಡುಗಿಯ ಮೇಲೆ ಹಾರಾಡಿದ್ದರು. ಆದರೆ ಚೀಟಿ ಕಟ್ಟುವಾಗ ಅವಳ ಕೈ ನಿಂತಿತು. ನೇರ ಹುಡುಗಿಯ ಹತ್ತಿರ ಹೋದಳು.

“ಹಿರಿ ಮೇಷ್ಟ್ರು ಇವನ್ನ ಯಾವ ಸಾಲಲ್ಲಿ ಇಟ್ಟಿದ್ರಮ್ಮಾ?”

ಹುಡುಗಿ ಮೂಗೊರೆಸಿಕೊಂಡಳು. “ಅಪ್ಪ, ಅಮ್ಮ, ಮಕ್ಕಳು, ಆಮೇಲೆ ಬೀಗರು. ಮನೇಲಿ ಇರೋ ಹಾಗೆ. ನಾನು ಒಂದನ್ನೂ ಕದಲಿಸಿಲ್ಲ.”

“ಕಣ್ಣೊರೆಸ್ಕೊಂಡು ಬಾ ನನ್ ಜೊತೆ.”

* * *

“ಕದ್ದವರು ಚೀಟಿ ಬಿಡಿಸಿ ಮತ್ತೆ ಜೋಡಿಸಿದಾರೆ ಸರ್,” ಎಂದಳು ಪುಸ್ತಕ ಕಟ್ಟುವವಳು, ಮೇಷ್ಟ್ರಿಬ್ಬರೂ ಕೂತಿದ್ದ ಮುಖ್ಯಸ್ಥರ ಕೋಣೆಯಲ್ಲಿ. “ಅಜ್ಜನ ಹಿಂದೆ ಅಣ್ಣ, ಅಣ್ಣನ ಹಿಂದೆ ಅಳಿಯ, ಅಳಿಯನ ಹಿಂದೆ ಮೈದುನ. ಅಪ್ಪ ಎಲ್ಲೋ ಬಾಲದಲ್ಲಿ. ಯಾವ ಮನೇಲಿ ಹೀಗಿರುತ್ತೆ?”

“ಅಕಾರಾದಿ ಇರಬೇಕು,” ಸಂಸ್ಕೃತದ ಮೇಷ್ಟ್ರು ಆಕಳಿಸಿದರು.

“ನಿಮ್ಮ ಅಕಾರಾದಿ ಆಗಿದ್ರೆ ಗ, ದ ಆದ್ಮೇಲೆ ಬಕಾರ ಬರ್ಬೇಕಿತ್ತು. ಇಂಗ್ಲಿಷಿನದಾಗಿದ್ರೆ ಡಿ ಆದ್ಮೇಲೆ ಜಿ. ಇಲ್ಲಿ ಚೀಟಿ ತಲೆಯ ಮೊದಲಕ್ಷರ ಎ, ಬಿ, ಜಿ, ಡಿ. ಗ್ರೀಕ್ ನಿಘಂಟು ಹೊಲಿಯೋವಾಗ ಮಾತ್ರ ಹಾಳೆ ಈ ಸಾಲಲ್ಲಿ ಬರುತ್ತೆ. ನಾಲ್ಕು ಸಲ ಹೊಲಿದಿದೀನಿ.”

ಗ್ರೀಕ್ ಮೇಷ್ಟ್ರು ಕೆಂಪಾದರು. “ಅಂಟು ಹಚ್ಚೋಳ ಮಾತು ಕೇಳ್ತಾ ಕೂತಿದೀರಾ?”

“ಬಿಡಿಸಿದ್ದು ಯಾಕೆ ಅಂದ್ರೆ, ಏನೋ ಹುಡುಕೋಕೆ,” ಎಂದಳು. “ಹುಡುಕಿದ್ಮೇಲೆ ಹೇಗಿತ್ತೋ ಹಾಗೆ ಚೀಲಕ್ಕೆ ಸುರಿದಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ. ಪಂಡಿತರಲ್ವಾ, ಅಸ್ತವ್ಯಸ್ತ ಸಹಿಸೋಲ್ಲ. ಕೈ ತಾನಾಗೇ ಜೋಡಿಸಿಬಿಡ್ತು.”

ಹುಡುಗಿ ಸರಸರನೆ ಚೀಟಿ ತಿರುವಿ ನೋಡಿದಳು. “ಹನ್ನೊಂದು ಚೀಟಿ ಇಲ್ಲ ಸರ್. ಈ ಗ್ರೀಕ್ ಸರ್ ಪುಸ್ತಕ ತಪ್ಪು ಅಂತ ತೋರಿಸೋ ಹನ್ನೊಂದೂ. ನನ್ನ ಪ್ರಬಂಧ ನಿಂತಿರೋದೇ ಅದರ ಮೇಲೆ.”

ಗ್ರೀಕ್ ಮೇಷ್ಟ್ರು ಕೈಚೀಲವನ್ನು ಎದೆಗವಚಿಕೊಂಡರು. ಮುಖ್ಯಸ್ಥರು ಕಿತ್ತುಕೊಂಡು ತೆರೆದರು. ಹನ್ನೊಂದೂ ಇದ್ದವು, ರಬ್ಬರ್ ಬ್ಯಾಂಡ್ ಹಾಕಿಕೊಂಡು. ಸುಡುವ ಧೈರ್ಯವೂ ಇರಲಿಲ್ಲ ಆ ಮಹಾನುಭಾವನಿಗೆ.

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. “ಆಯ್ತಮ್ಮ, ಪರೀಕ್ಷೆ ನಡೆಯುತ್ತೆ. ನೀವಿನ್ನು ಹೊರಡಿ.”

“ಬರೆದು ಕೊಡಿ ಸರ್,” ಎಂದಳು ಪುಸ್ತಕ ಕಟ್ಟುವವಳು. “ನಿಮ್ಮ ಬಾಯಿಮಾತು ನಂಬೋಷ್ಟು ನಾನು ಓದಿಲ್ಲ.”

ಮುಖ್ಯಸ್ಥರು ಬರೆದರು. ಸಹಿ ಹಾಕಲಿಲ್ಲ. ಅವಳು ಬೆರಳಿಟ್ಟು ಜಾಗ ತೋರಿಸಿದಳು.